ಸವಳು ನೆಲದ ಅಡವಿ

(ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಮುಳುಗಿದವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಸವಳು ಅಂದರೆ ಏನು ಎಂದು ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಜಮಖಂಡಿ, ಮುಧೋಳದ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಬೆಳ್ಳಗೆ ಉಪ್ಪು ಕಾರಿದ ಹೊಲಗಳನ್ನು ನೋಡಿದ್ದೀರಿ. ಬೇಸಿಗೆಯಲ್ಲಿ ಅದರ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದಂಥ ಸಪ್ಪಳ. ಬಿತ್ತಿದ್ದು ಹುಟ್ಟುವುದಿಲ್ಲ, ಹುಟ್ಟಿದ್ದು ಮೊಣಕಾಲೆತ್ತರ ಆಗುವಷ್ಟರಲ್ಲಿ ಹಳದಿ ತಿರುಗುತ್ತದೆ. ಸವಳು ಬಿದ್ದ ಹೊಲ ಸತ್ತ ಹೊಲ ಎನ್ನುವ ಮಾತು ಕೇಳುತ್ತಲೇ ಬೆಳೆದವಳು ನಾನು.

ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದೆ. ಪ್ರತಿ ವರ್ಷ ಕಾಂಡ್ಲಾ ಕಾಡಿನ, ಅಂದರೆ ಮ್ಯಾಂಗ್ರೋವಿನ, ಪಾಠ ಬರುತ್ತಿತ್ತು. ಉಪ್ಪುನೀರಲ್ಲಿ ನಿಲ್ಲುವ ಮರ, ಕೆಸರಿನಿಂದ ಮೇಲೆದ್ದ ಬೇರು ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಬರೆಯುವವಳೂ ನೋಡಿರಲಿಲ್ಲ, ಬರೆದುಕೊಳ್ಳುವ ಮಕ್ಕಳೂ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ, ಹೋದ ಜನವರಿಯಲ್ಲಿ, ತಂಗಿಯನ್ನು ಕರೆದುಕೊಂಡು ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ಭಿತರಕನಿಕಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದೆ. ಉದ್ಯಾನ ಎಂದ ಕೂಡಲೇ ಹೂದೋಟ ಕಣ್ಣಮುಂದೆ ಬರಬಾರದು. ಅಲ್ಲಿರುವುದು ಕೆಸರು, ಕೆಸರಿನ ಮೇಲೆ ಕಾಡು, ಕಾಡಿನ ನಡುವೆ ಜೇಡರ ಬಲೆಯಂತೆ ಹರಡಿಕೊಂಡ ಹಳ್ಳಗಳು. ಬ್ರಾಹ್ಮಣಿ ಮತ್ತು ಬೈತರಣಿ ನದಿಗಳು ಬಂಗಾಳ ಕೊಲ್ಲಿಯನ್ನು ಸೇರುವ ಜಾಗ ಅದು. 1975ರಲ್ಲಿ 672 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಅದರ ನಡುವಿನ 145 ಚದರ ಕಿಲೋಮೀಟರ್ 1998ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಯಡಹಳ್ಳಿ ಚಿಂಕಾರ ಧಾಮ ನೋಡಿದವರಿಗೆ ಅಂದಾಜು ಸಿಗಲಿ ಎಂದು ಹೇಳುತ್ತೇನೆ: ಅದರ ಒಂದೂವರೆ ಪಟ್ಟು.

ಭದ್ರಕದಲ್ಲಿ ರೈಲಿಳಿದು, ಬಸ್ಸಿನಲ್ಲಿ ಚಾಂದಬಾಲಿಗೆ ಬಂದೆವು. ಬೈತರಣಿಯ ದಂಡೆಯ ಹಳೆಯ ಬಂದರು ಊರು. ಬೈತರಣಿ ಎಂದರೆ ನಮ್ಮ ಪುರಾಣದ ವೈತರಣಿ, ಸತ್ತವರು ದಾಟುವ ಹೊಳೆ. ಹೆಸರು ಕೇಳಿ ದೋಣಿ ಹತ್ತಲು ನನ್ನ ತಂಗಿ ಒಂದು ಕ್ಷಣ ಹಿಂದೆಮುಂದೆ ನೋಡಿದಳು. ಆಮೇಲೆ ನೀರಿಗೆ ಕೈಮುಗಿದು ಹತ್ತಿದಳು.

ಆ ದಿನ ನಾನು ಮೊದಲು ಕಲಿತ ಪಾಠ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಹೊಳೆ ಅಂದರೆ ಮೇಲಿನಿಂದ ಕೆಳಗೆ ಹರಿಯುವುದು. ಘಟಪ್ರಭೆ, ಮಲಪ್ರಭೆ, ಕೃಷ್ಣೆ ಎಲ್ಲವೂ ಹಾಗೇ, ನಮಗೆ ಬೇರೆ ಗೊತ್ತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನೀರಿನ ಮೇಲೆ ತೇಲುತ್ತಿದ್ದ ಒಣ ಎಲೆಗಳು ಕಡಲಿನ ಕಡೆಗೆ ಹೋಗುತ್ತಿದ್ದವು. ಊಟದ ಹೊತ್ತಿಗೆ ಅವೇ ಎಲೆಗಳು ನಿಂತುಬಿಟ್ಟವು. ಸ್ವಲ್ಪ ಹೊತ್ತಿನಲ್ಲಿ ತಿರುಗಿ, ಒಳನಾಡಿನ ಕಡೆ ಹೊರಟವು. ಉಬ್ಬರ ಬಂದಾಗ ಕಡಲು ಹೊಳೆಯನ್ನು ಹಿಂದಕ್ಕೆ ದಬ್ಬುತ್ತದೆ, ಇಳಿತಕ್ಕೆ ಹೊಳೆ ಕಡಲನ್ನು ಹೊರಗೆ ದಬ್ಬುತ್ತದೆ. ದಿನಕ್ಕೆ ಎರಡು ಸಲ ಈ ಜಗ್ಗಾಟ. ಅಲ್ಲಿಯ ಗಿಡ, ಮೀನು, ಏಡಿ, ಮೊಸಳೆ, ಮನುಷ್ಯರು ಎಲ್ಲರ ದಿನಚರಿಯನ್ನೂ ಗಡಿಯಾರಕ್ಕಿಂತ ಮೊದಲು ಈ ನೀರೇ ಬರೆಯುತ್ತದೆ.

ನಮ್ಮ ದೋಣಿಯವರು ನಡುವಯಸ್ಸಿನವರು, ಮಾತು ಕಡಿಮೆ. ಅವರ ಹಿಂದಿ, ನನ್ನ ಹಿಂದಿ ಎರಡೂ ಹರುಕುಮುರುಕು. ಅವರ ಬಾಯಲ್ಲಿ ಪದೇಪದೇ ಬರುತ್ತಿದ್ದ ಎರಡು ಮಾತು ಮಾತ್ರ ನನಗೆ ಚೆನ್ನಾಗಿ ಅಂಟಿಕೊಂಡವು. ಮಿಠಾ ಪಾಣಿ, ಲುಣಾ ಪಾಣಿ. ಸಿಹಿನೀರು, ಉಪ್ಪುನೀರು. ಯಾವ ಹಳ್ಳದಲ್ಲಿ ಯಾವ ಮರ, ಯಾವ ಮೀನು ಎಂದು ಕೇಳಿದರೂ ಈ ಎರಡರಲ್ಲೇ ಉತ್ತರ. ಸುಂದರಿ ಮರ ಬೇಕಾದರೆ ಮಿಠಾ ಪಾಣಿ ಬರುವ ಕಡೆ ನೋಡಿ, ಬಾಣಿ ಮರ ಲುಣಾ ಪಾಣಿಯನ್ನೂ ತಡೆದುಕೊಳ್ಳುತ್ತದೆ ಎನ್ನುವರು.

ಒಂದು ಕಡೆ ದೋಣಿಯನ್ನು ದಂಡೆಗೆ ಒತ್ತಿ ನಿಲ್ಲಿಸಿ, ಬಾಣಿ ಮರದ ಎಲೆಯೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟರು. ನಾಲಗೆಗೆ ಹಚ್ಚಿ ನೋಡಿ ಎಂದು ಸನ್ನೆ ಮಾಡಿದರು. ಹುಣಸೆಹಣ್ಣಿಗೆ ಉಪ್ಪು ಸವರಿದಷ್ಟು ಉಪ್ಪು! ಎಲೆಯನ್ನು ಬಿಸಿಲಿಗೆ ಹಿಡಿದರೆ ಸಕ್ಕರೆ ಹರಳಿಗಿಂತ ಸಣ್ಣ ಹರಳುಗಳು ಮಿಣುಕುತ್ತಿದ್ದವು. ಬೇರಿನಿಂದ ಏರಿ ಬಂದ ಉಪ್ಪನ್ನು ಆ ಮರ ಎಲೆಯ ಮೇಲಿನ ಗ್ರಂಥಿಗಳಿಂದ ಬೆವರಿನ ಹಾಗೆ ಹೊರಗೆ ಹಾಕುತ್ತದೆ. ಬೇರಿನಲ್ಲೇ ಉಪ್ಪನ್ನು ಸೋಸಿ, ಒಳಗೆ ಬಿಡದ ಜಾತಿಗಳೂ ಇವೆ. ಹಲಗೆಯ ಮೇಲೆ 'ಲವಣ ಗ್ರಂಥಿ' ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆನಲ್ಲ, ಅದು ಅಂದು ನನ್ನ ನಾಲಗೆಯ ಮೇಲಿತ್ತು. ನನಗೆ ಕಣ್ಣು ತುಂಬಿ ಬಂತು. ನಮ್ಮ ಹೊಲದಲ್ಲಿ ಸಾವಿನ ಗುರುತಾಗಿದ್ದ ಬಿಳಿ ಉಪ್ಪು ಇಲ್ಲಿ ಬದುಕಿರುವ ಮರದ ಬೆವರು.

ಇಳಿತದ ಹೊತ್ತಿಗೆ ದಂಡೆ ಬತ್ತಲಾಗುತ್ತದೆ. ಕೆಸರಿನ ತುಂಬ ಮೊಳೆ ಬಡಿದು ನಿಲ್ಲಿಸಿದ ಹಾಗೆ ಸಾವಿರಾರು ಉಸಿರುಬೇರುಗಳು. ಆ ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಆದ್ದರಿಂದ ಬೇರು ನೆಲದಿಂದ ಮೇಲಕ್ಕೆ ಬೆಳೆದು ಮೂಗು ಹೊರಗೆ ಇಟ್ಟುಕೊಳ್ಳುತ್ತದೆ. ರಾಯಿ ಎಂಬ ಇನ್ನೊಂದು ಮರದ ಕಾಯಿಗಳು ನುಗ್ಗೆಕಾಯಿಯಂತೆ ಜೋತುಬಿದ್ದಿದ್ದವು. ಹತ್ತಿರ ಹೋಗಿ ನೋಡಿದರೆ ಅದು ಕಾಯಿಯೇ ಅಲ್ಲ, ಮೊಳಕೆ. ಬೀಜ ತಾಯಿಮರದ ಮೇಲೇ ಮೊಳೆತು, ಗೇಣುದ್ದ ಬೆಳೆದು, ಆಮೇಲೆ ಕೆಸರಿಗೆ ಬೀಳುತ್ತದೆ. ನೆಟ್ಟಗೆ ನೆಲ ಕಚ್ಚಿದರೆ ಅಲ್ಲೇ ಗಿಡ, ಇಲ್ಲವಾದರೆ ತೇಲಿಹೋಗಿ ಬೇರೆ ಕಡೆ ನೆಲೆ ಕಾಣುತ್ತದೆ. ಉಪ್ಪುನೀರಲ್ಲಿ ಮೊಳೆಯುವ ಕಷ್ಟದ ಮೊದಲ ದಿನಗಳನ್ನು ಕೂಸು ಅವ್ವನ ಕಂಕುಳಲ್ಲೇ ಕಳೆದುಬಿಡುತ್ತದೆ.

ಅದೇ ಕೆಸರಿನಲ್ಲಿ ಕಂಡ ಒಂದು ಮೀನಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕೈಬೆರಳಿನಷ್ಟು ಉದ್ದ, ಕೆಸರಿನದೇ ಬಣ್ಣ, ತಲೆಯ ಮೇಲೆ ಕಪ್ಪೆಯಂತೆ ಉಬ್ಬಿದ ಎರಡು ಕಣ್ಣು. ಎದೆಯ ರೆಕ್ಕೆಗಳನ್ನು ಮೊಣಕೈಯಂತೆ ಊರಿ ನೀರಿಲ್ಲದ ಕಡೆ ತೆವಳುತ್ತಿತ್ತು. ಕಿವಿರಿನ ಚೀಲದಲ್ಲಿ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದಲೂ ಉಸಿರಾಡುತ್ತ ಗಂಟೆಗಟ್ಟಲೆ ಹೊರಗಿರಬಲ್ಲದು. ಚರ್ಮ ಒಣಗಬಾರದೆಂದು ಆಗಾಗ ಕೆಸರಿನಲ್ಲಿ ಹೊರಳುತ್ತದೆ. ಅದರ ಪಕ್ಕದಲ್ಲೇ ಒಂದು ಏಡಿ, ಗಂಡು. ಒಂದು ಕೊಂಡಿ ಸಣ್ಣದು, ಇನ್ನೊಂದು ಮೈಯಷ್ಟೇ ದೊಡ್ಡದು. ದೊಡ್ಡ ಕೊಂಡಿಯನ್ನು ಮೇಲೆತ್ತಿ ಇಳಿಸಿ, ಮೇಲೆತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತಿತ್ತು. ಸಣ್ಣ ಕೊಂಡಿಯಿಂದ ಕೆಸರು ತಿಂದು, ಅದರಲ್ಲಿನ ಸಾರ ಹೀರಿ, ಉಳಿದದ್ದನ್ನು ಸಾಸಿವೆಕಾಳಿನಂಥ ಉಂಡೆ ಮಾಡಿ ಬಿಸಾಡುತ್ತಿತ್ತು. ಇಪ್ಪತ್ತು ನಿಮಿಷ ನೋಡಿದ್ದೇವೆ ಎಂದು ತಂಗಿ ಆಮೇಲೆ ಹೇಳಿದಳು. ದೊಡ್ಡ ಪ್ರಾಣಿ ನೋಡಲು ಹೋದವರು ದಯವಿಟ್ಟು ಈ ಇಪ್ಪತ್ತು ನಿಮಿಷ ಕೊಡಿ. ಆ ಕಾಡೆಲ್ಲ ನಿಂತಿರುವುದು ಈ ಕೆಸರನ್ನು ಬಗೆಯುವ ಜೀವಗಳ ಮೇಲೆ.

ಇನ್ನು ಮೊಸಳೆ. ಕೃಷ್ಣೆಯ ದಂಡೆಯವರಾದ ನಮಗೆ ಮೊಸಳೆ ಹೊಸದಲ್ಲ, ಹೊಲಕ್ಕೂ ಬಂದದ್ದುಂಟು. ಆದರೆ ನಮ್ಮದು ಸಿಹಿನೀರಿನ ಮೊಸಳೆ, ಅದು ಉಪ್ಪುನೀರಿನದು, ಜಾತಿಯೇ ಬೇರೆ. ನಮ್ಮದು ದಂಡೆಯ ಮಣ್ಣಿನಲ್ಲಿ ಕುಳಿ ತೋಡಿ ಮೊಟ್ಟೆ ಇಡುತ್ತದೆ. ಅದು ಹೇಂತಾಳ ಎಂಬ ಕುಳ್ಳ ಈಚಲಿನ ಎಲೆ, ಜರಿಗಿಡ ಎಲ್ಲ ರಾಶಿ ಹಾಕಿ ತಿಪ್ಪೆಯಂಥ ಗುಡ್ಡೆ ಕಟ್ಟಿ ಅದರೊಳಗೆ ಇಡುತ್ತದೆ. ತಿಪ್ಪೆ ಕೊಳೆಯುವಾಗ ಹುಟ್ಟುವ ಕಾವೇ ಮೊಟ್ಟೆಗೆ ಶಾಖ. ಆ ಶಾಖ ಎಷ್ಟು ಎನ್ನುವುದರ ಮೇಲೆ ಮರಿ ಗಂಡೋ ಹೆಣ್ಣೋ ತೀರ್ಮಾನವಾಗುತ್ತದೆ. ಮೇ 1ರಿಂದ ಜುಲೈ 31ರವರೆಗೆ ಉದ್ಯಾನದ ಬಾಗಿಲು ಮುಚ್ಚುವುದು ಈ ಬಾಣಂತನಕ್ಕಾಗಿ.

ನಾವು ಕಂಡದ್ದು ಒಂದು ಮುದಿ ಗಂಡು. ಚಳಿಗಾಲದ ಬಿಸಿಲಿಗೆ ಕೆಸರಿನ ಇಳಿಜಾರಿನಲ್ಲಿ ಬಾಯಿ ತೆರೆದು ಮಲಗಿತ್ತು. ನಮ್ಮ ದೋಣಿಯ ಅರ್ಧಕ್ಕಿಂತ ಹೆಚ್ಚು ಉದ್ದ. ದೋಣಿಯವರು ಯಂತ್ರ ನಿಲ್ಲಿಸಿದರು. ಯಾರೂ ಉಸಿರೆತ್ತಲಿಲ್ಲ. ಅದು ಎದ್ದು ನೀರಿಗೆ ಇಳಿದ ರೀತಿ ಹೇಗಿತ್ತೆಂದರೆ, ಎಣ್ಣೆಯೊಳಗೆ ಎಣ್ಣೆ ಸೇರಿದ ಹಾಗೆ. ಸಪ್ಪಳವಿಲ್ಲ, ಅಲೆಯೂ ಇಲ್ಲ. ಕೆಸರಿನ ಮೇಲೆ ಹೊಟ್ಟೆ ಎಳೆದ ಗುರುತು ಮಾತ್ರ ಉಳಿಯಿತು.

1970ರ ದಶಕದ ನಡುವೆ ಅಲ್ಲಿ ಉಳಿದಿದ್ದ ಮೊಸಳೆಗಳು ನೂರಕ್ಕಿಂತ ಕಡಿಮೆ. ಚರ್ಮದ ಆಸೆಗೆ ಕೊಂದಿದ್ದರು. 1975ರಲ್ಲಿ ಡಾಂಗಮಾಳ ಎಂಬಲ್ಲಿ ಸಾಕಣೆ ಕೇಂದ್ರ ಶುರುವಾಯಿತು. ಕಾಡಿನ ಗೂಡುಗಳಿಂದ ಮೊಟ್ಟೆ ತಂದು, ಮರಿ ಮಾಡಿಸಿ, ದೊಡ್ಡವಾದ ಮೇಲೆ ಹಳ್ಳಗಳಿಗೆ ಬಿಟ್ಟರು. ಈಗಿನ ಗಣತಿಯಲ್ಲಿ 1,800ರ ಆಸುಪಾಸು ಬರುತ್ತಿದೆ. ಐವತ್ತು ವರ್ಷದಲ್ಲಿ ಒಂದು ಜೀವಕುಲವನ್ನು ಹೀಗೆ ಎತ್ತಿ ನಿಲ್ಲಿಸಿದ್ದು ದೊಡ್ಡ ಕೆಲಸ ಎಂದು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಆ ಕೆಲಸದ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಎನ್ನುವುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಹೊಳೆಗೆ ಸ್ನಾನಕ್ಕೆ, ಪಾತ್ರೆ ತೊಳೆಯಲು ಇಳಿದವರು ಮೊಸಳೆಯ ಬಾಯಿಗೆ ಬಿದ್ದಿದ್ದಾರೆ. ಅದಕ್ಕೆ ಘಾಟುಗಳ ಮುಂದೆ ನೀರಿನಲ್ಲೇ ಬೇಲಿ ಹಾಕಿದ್ದಾರೆ. ಒಬ್ಬ ತಾಯಿ ಅಂಥ ಬೇಲಿಯೊಳಗೆ ಕೂತು ಬೋಗುಣಿ ತಿಕ್ಕುತ್ತಿದ್ದಳು. ಎರಡು ಸಲ ತಿಕ್ಕುವುದು, ತಲೆಯೆತ್ತಿ ನೀರು ನೋಡುವುದು, ಮತ್ತೆ ಎರಡು ಸಲ ತಿಕ್ಕುವುದು. ಅವಳ ಕುತ್ತಿಗೆಗೆ ಅದು ಅಭ್ಯಾಸವಾಗಿ ಹೋಗಿತ್ತು. ಕಾಡುಪ್ರಾಣಿ ಉಳಿಯಬೇಕು ಎಂದು ದೂರದ ಊರಲ್ಲಿ ಭಾಷಣ ಮಾಡುವಾಗ ಆ ಕುತ್ತಿಗೆ ನನಗೆ ನೆನಪಾಗುತ್ತದೆ, ಈಗಲೂ ನೆನಪಾಗುತ್ತಿದೆ.

ಹಕ್ಕಿಗಳ ಬಗ್ಗೆ ಹೆಚ್ಚು ಹೇಳಲಾರೆ, ಹೊತ್ತಾಗುತ್ತದೆ. ಎಂಟು ಬಗೆಯ ಮಿಂಚುಳ್ಳಿಗಳಿಗೆ ಆ ಕಾಡು ಹೆಸರುವಾಸಿ, ನಮಗೆ ಕಂಡದ್ದು ಐದು. ಬಾಯ್ಕಳಕ ಕೊಕ್ಕರೆಗಳು ಸಾವಿರಗಟ್ಟಲೆ ಗೂಡು ಕಟ್ಟುವ ಬಗಾಗಹನ ಎಂಬ ಜಾಗ ಮಳೆಗಾಲದ್ದು, ಜನವರಿಯಲ್ಲಿ ಬರಿದಾಗಿತ್ತು. ಬಯಲಿನಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಕಂಡು ಮಾತ್ರ ಊರವರು ಸಿಕ್ಕಷ್ಟು ಖುಷಿಯಾಯಿತು. ಹಿಮಾಲಯ ದಾಟಿ ನಮ್ಮ ಆಲಮಟ್ಟಿ ಹಿನ್ನೀರಿಗೂ ಬರುವ ಹಕ್ಕಿಗಳು ಅವು.

ಮರುದಿನ ಕಡಲ ಕಡೆ ಹೋದೆವು. ಉದ್ಯಾನದ ಹೊರಮೈ ಕಡಲೇ, ಗಹಿರಮಥಾ ಎಂದು ಹೆಸರು. 1997ರಿಂದ ಅದು ಕಡಲ ಅಭಯಾರಣ್ಯ, 1,435 ಚದರ ಕಿಲೋಮೀಟರ್. ಆಲಿವ್ ರಿಡ್ಲೆ ಕಡಲಾಮೆಗಳು ಲಕ್ಷಗಟ್ಟಲೆ ಒಂದೇ ಕಾಲಕ್ಕೆ ದಂಡೆಗೆ ಬಂದು ಮೊಟ್ಟೆ ಇಡುವ, ಜಗತ್ತಿನಲ್ಲಿ ಕೆಲವೇ ಇರುವ ಜಾಗಗಳಲ್ಲಿ ಒಂದು. ಒಂದೊಂದೂ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ಕಡಲಿಗೆ ಹೋಗಿಬಿಡುತ್ತದೆ. 1970ರ ದಶಕದ ಮೊದಲ ವರ್ಷಗಳವರೆಗೂ ಆ ಮೊಟ್ಟೆಗಳನ್ನು ಪರವಾನಗಿ ಕೊಟ್ಟು ಆಯಿಸುತ್ತಿದ್ದರು, ದೋಣಿಗಟ್ಟಲೆ ಪಟ್ಟಣಗಳಿಗೆ ಹೋಗುತ್ತಿದ್ದವು. ಈಗ ಅವು ಮೊಟ್ಟೆ ಇಡುವ ನಾಸಿ ದ್ವೀಪಗಳಿಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ಹತ್ತಿರದಲ್ಲೇ ಕ್ಷಿಪಣಿ ಪರೀಕ್ಷೆಯ ಅಬ್ದುಲ್ ಕಲಾಂ ದ್ವೀಪವೂ ಇದೆ.

ನನಗೆ ಸಿಕ್ಕಿದ್ದು ಸತ್ತ ಆಮೆ. ದಂಡೆಯ ಮರಳಿನಲ್ಲಿ, ಬೆನ್ನು ಮೇಲಾಗಿ. ರೊಟ್ಟಿ ಮಾಡುವ ದೊಡ್ಡ ಹರಿವಾಣದಷ್ಟು ಅಗಲದ ಚಿಪ್ಪು, ಪಾಚಿ ಹಿಡಿದ ಬೂದು ಹಸಿರು. ಮುಂಗಾಲಿನ ರೆಕ್ಕೆ ಮರಳಿನ ಮೇಲೆ ಚಾಚಿತ್ತು, ಇನ್ನೊಂದು ಸಲ ಎಳೆದುಕೊಳ್ಳಬೇಕು ಎನ್ನುವಂತೆ. ಗಾಯ ಏನೂ ಇರಲಿಲ್ಲ. ಕಡಲಾಮೆಗೆ ಕಿವಿರಿಲ್ಲ, ಮೇಲೆ ಬಂದು ಉಸಿರಾಡಬೇಕು. ಟ್ರಾಲರ್ ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತದೆ. ನವೆಂಬರ್ 1ರಿಂದ ಮೇ 31ರವರೆಗೆ ಅಲ್ಲಿ ಮೀನುಗಾರಿಕೆಗೆ ನಿರ್ಬಂಧ ಇದೆ, ಬಲೆಗೆ ಆಮೆ ಪಾರಾಗುವ ಕಿಂಡಿ ಇಡಬೇಕೆಂಬ ನಿಯಮವೂ ಇದೆ. ಆದರೂ ಪ್ರತಿ ಚಳಿಗಾಲ ಇಂಥ ಚಿಪ್ಪುಗಳು ದಂಡೆಗೆ ಬರುತ್ತಿವೆ. ಆ ಏಳು ತಿಂಗಳು ಸಣ್ಣ ಮೀನುಗಾರರ ಒಲೆ ಹೇಗೆ ಉರಿಯಬೇಕು ಎನ್ನುವುದಕ್ಕೆ ಸರಿಯಾದ ಉತ್ತರ ಕೊಡದೆ ಬರೀ ನಿಯಮ ಬರೆದರೆ ಸಾಲದು ಎಂದು ನನ್ನ ಅಭಿಪ್ರಾಯ.

ಈಗ ನಾನು ಇಷ್ಟು ಹೊತ್ತು ಎಲ್ಲಿಗೆ ಬರಬೇಕೆಂದು ನಡೆಯುತ್ತಿದ್ದೆನೋ ಅಲ್ಲಿಗೆ ಬರುತ್ತೇನೆ. ಆ ದಂಡೆಯಲ್ಲಿ ಸಾತಭಾಯಾ ಎಂದು ಊರಿತ್ತು. ಒಂದೇ ಊರಲ್ಲ, ಏಳು ಊರುಗಳ ಗುಂಪು. ಕಡಲು ಒಂದೊಂದಾಗಿ ನುಂಗಿತು. ಕೊನೆಗೆ ಉಳಿದ 571 ಕುಟುಂಬಗಳಿಗೆ ಒಳನಾಡಿನ ಬಗಪಾಟಿಯಾ ಎಂಬಲ್ಲಿ ಪುನರ್ವಸತಿ ಮಾಡಿದರು. ಅವರ ದೇವತೆ ಪಂಚುಬರಾಹಿ. ಮೀನುಗಾರ ಮನೆತನಗಳ ಮದುವೆಯಾದ ಹೆಣ್ಣುಮಕ್ಕಳೇ ಅವಳ ಪೂಜಾರಿಗಳು, ಗಂಡಸರು ಮೂರ್ತಿ ಮುಟ್ಟುವಂತಿಲ್ಲ. 2018ರಲ್ಲಿ ಕಡಲು ಗುಡಿಯ ಬಾಗಿಲಿಗೆ ಬಂದಾಗ ಆ ಭಾರದ ಮೂರ್ತಿಗಳನ್ನು ಸಾಗಿಸಲು ಗಂಡಸರ ಕೈ ಹಚ್ಚಲೇಬೇಕಾಯಿತು. ಕೂಡಲಸಂಗಮದ ಐಕ್ಯ ಮಂಟಪದ ಸುತ್ತ ನಾವು ಬಾವಿಯಂತೆ ಗೋಡೆ ಕಟ್ಟಿ ಉಳಿಸಿಕೊಂಡಿದ್ದೇವಲ್ಲ, ಅದನ್ನು ಕಣ್ಣಾರೆ ನೋಡಿದ ನಿಮಗೆ ಆ ಹೆಂಗಸರ ಸಂಕಟ ಅರ್ಥವಾಗುತ್ತದೆ.

ಬಗಪಾಟಿಯಾದಲ್ಲಿ ಕಾಲಿಟ್ಟಾಗ ನನಗೆ ನವನಗರದ ಮೊದಲ ವರ್ಷಗಳು ಕಂಡವು. ಅಳೆದು ಕೊಟ್ಟ ನಿವೇಶನ, ನೆರಳಿಲ್ಲದ ನೇರ ರಸ್ತೆ, ನೆರೆಯವರು ಅದಲುಬದಲಾದ ಓಣಿ. ಒಬ್ಬ ಅಜ್ಜಿ ಮಣೆ ಹಾಕಿ ಕೂಡಿಸಿದಳು. ನಮ್ಮೂರೂ ನೀರಲ್ಲಿ ಹೋಯಿತು ಎಂದೆ. ಕಡಲೇ ಎಂದಳು. ಅಲ್ಲ, ಹೊಳೆ ಕಟ್ಟಿದ್ದಾರೆ, ಹಿನ್ನೀರು ಎಂದೆ. ಅವಳು ಕೇಳಿದ್ದು ಒಂದೇ: ಮಿಠಾ ಪಾಣಿಯೇ? ಹೌದೆಂದೆ. ಅವಳು ತಲೆದೂಗಿ ಸುಮ್ಮನಾದಳು.

ಸಾತಭಾಯಾ ಯಾಕೆ ಹೋಯಿತು? ಕಡಲ ಮಟ್ಟ ಏರುತ್ತಿರುವುದು ಒಂದು ಕಾರಣ. ಆ ಕರಾವಳಿಯ ನದಿಗಳು ಹೊತ್ತು ತರುತ್ತಿದ್ದ ಹೂಳು ಕಡಿಮೆಯಾಗಿರುವುದು ಇನ್ನೊಂದು. ನದೀಮುಖದ ನೆಲ ಅಂದರೆ ಮೇಲಿನ ಊರುಗಳ ಮಣ್ಣೇ. ವರ್ಷವರ್ಷವೂ ಹೊಸ ಮಣ್ಣು ಬಂದರೆ ಕಡಲು ತಿಂದದ್ದು ಭರ್ತಿಯಾಗುತ್ತದೆ, ಬರದಿದ್ದರೆ ಇಲ್ಲ. ಬ್ರಾಹ್ಮಣಿಗೆ ಮೇಲೆ ರೆಂಗಾಲಿ ಅಣೆಕಟ್ಟು ಇದೆ, ದಂಡೆಯುದ್ದಕ್ಕೂ ನೀರೆತ್ತುವ ಕಾರ್ಖಾನೆಗಳಿವೆ. ಸಿಹಿನೀರು ಕಡಿಮೆಯಾದಷ್ಟೂ ಕಡಲು ಒಳಗೊಳಗೆ ಬರುತ್ತದೆ, ಸುಂದರಿಯಂಥ ಮರಗಳಿಗೆ ಅದು ತಾಳುವುದಿಲ್ಲ. ಜೊತೆಗೆ ಘೇರಿ ಎಂದು ಕರೆಯುವ ಸಿಗಡಿ ಹೊಂಡಗಳಿಗಾಗಿ ಕಾಡು ಕಡಿದದ್ದೂ ಇದೆ.

ಆ ಕಾಡು ಹೋದರೆ ಏನಾಗುತ್ತದೆ ಎನ್ನುವುದನ್ನು ಕೇಂದ್ರಾಪಡಾದವರು ಕಂಡಿದ್ದಾರೆ. 1999ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಗಾಳಿ ಗಂಟೆಗೆ 250 ಕಿಲೋಮೀಟರ್ ಮೀರಿತ್ತು. ಒಡಿಶಾದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. ಆಮೇಲೆ ಹಳ್ಳಿ ಹಳ್ಳಿಯ ಲೆಕ್ಕ ತೆಗೆದು ನೋಡಿದಾಗ, ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ಕಾಡು ದಟ್ಟವಾಗಿದ್ದ ಕಡೆ ಸಾವು ಕಡಿಮೆ ಇತ್ತು. ಉಸಿರುಬೇರು, ಊರುಗೋಲು ಬೇರುಗಳ ನಡುವೆ ನುಗ್ಗಿದ ಅಲೆ ಅಲ್ಲೇ ಸೋತು ಬಂದಿತ್ತು.

ನನ್ನ ಮಾತು ಇಲ್ಲಿಗೆ ಮುಗಿಯಿತು ಎಂದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. "ಅಕ್ಕಾರ, ನಮ್ಮ ಕೃಷ್ಣಾ ಹೊಳಿ ಸಮುದ್ರ ಕೂಡೂ ಕಡೆನೂ ಇಂಥಾ ಅಡವಿ ಐತೇನ್ರಿ?"

ಐತ್ರೀ. ಆಂಧ್ರದ ಹಂಸಲದೀವಿ, ನಾಗಾಯಲಂಕದ ಕಡೆ ಕೃಷ್ಣೆ ಕಡಲು ಸೇರುತ್ತಾಳೆ. ಅಲ್ಲಿ ಕೃಷ್ಣಾ ವನ್ಯಜೀವಿ ಧಾಮ ಇದೆ, ಇದೇ ಬಾಣಿ ಜಾತಿಯ ಮರಗಳು, ಇದೇ ಉಸಿರುಬೇರು, ನೀರಿಗಿಳಿದು ಮೀನು ಹಿಡಿಯುವ ಕಾಡುಬೆಕ್ಕೂ ಉಂಟು. ಆದರೆ ಅಲ್ಲಿಗೆ ತಲುಪುವ ಮುನ್ನ ನಮ್ಮ ನೀರು ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ, ಪುಲಿಚಿಂತಲ, ಪ್ರಕಾಶಂ ಬ್ಯಾರೇಜ್ ದಾಟಬೇಕು. ಒಂದೊಂದು ಕಡೆಯೂ ನೀರು ನಿಲ್ಲುತ್ತದೆ, ನಿಂತ ನೀರು ಮಣ್ಣನ್ನು ಕೆಳಗಿಡುತ್ತದೆ. ಮಳೆ ಕೈಕೊಟ್ಟ ವರ್ಷ ಕಡಲಿಗೆ ಹೋಗುವುದು ಬಹಳ ಕಡಿಮೆ. ಆ ನದೀಮುಖದ ಅಂಚನ್ನೂ ಕಡಲು ಕೆಲವು ಕಡೆ ತಿನ್ನುತ್ತಿದೆ. ನೀರಾವರಿ ಬೇಡ ಎಂದು ನಾನು ಹೇಳಲಾರೆ. ಇಲ್ಲಿ ಕೂತ ನಾವೆಲ್ಲ ಊರು ಕೊಟ್ಟು ಆ ನೀರು ನಿಲ್ಲಿಸಿದವರು. ಆದರೆ ನೀರು ಹಂಚುವ ಮಾತು ಬಂದಾಗಲೆಲ್ಲ ನಾಲ್ಕು ರಾಜ್ಯಗಳ ಲೆಕ್ಕವಾಗುತ್ತದೆ. ತುದಿಯಲ್ಲಿ ನಿಂತ ಆ ಅಡವಿಗೂ ಒಂದು ಪಾಲು ಬೇಕು ಎಂದು ಮೊದಲು ಕೇಳಬೇಕಾದವರು ಮುಳುಗಡೆಯ ಮಂದಿಯಾದ ನಾವೇ ಎಂದು ನನಗೆ ಅನಿಸುತ್ತದೆ.

ಹೋದ ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ನಮ್ಮ ಹಳೆಯ ಹೊಲಕ್ಕೆ ಹೋಗಿದ್ದೆ. ಬಾವಿಯ ಕಟ್ಟೆ ಇನ್ನೂ ಇದೆ. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗುರುತಿನ ಕಲ್ಲು ಆಗ ನನ್ನ ಎದೆಯ ಮಟ್ಟಕ್ಕಿತ್ತು, ಈಗ ಮೊಣಕಾಲಿಗೆ ಬಂದಿದೆ. ಕಟ್ಟೆಯ ಸುತ್ತ ಅಷ್ಟು ಹೂಳು. ಮುಷ್ಟಿಯಲ್ಲಿ ಹಿಡಿದು ಹಿಸುಕಿ ನೋಡಿದೆ. ಕರ್ರಗೆ, ನುಣ್ಣಗೆ, ಆ ಏಡಿ ತಿನ್ನುತ್ತಿದ್ದ ಕೆಸರಿನ ಹಾಗೇ. ಹಂಸಲದೀವಿಗೆ ಹೋಗಬೇಕಿದ್ದ ಮಣ್ಣು ಅದು.